ನಿನ್ನೆಯ ನಂಬರು

ನನ್ನ ಗಂಡನ ಅಕ್ಕನಿಗೆ, ಅಂದರೆ ನನ್ನ ಅತ್ತಿಗೆಗೆ, ಕೆಲಸದ ಜಾಗದಲ್ಲಿ ಟೇಪಮ್ಮ ಎಂದು ಹೆಸರು. ಬೆನ್ನ ಹಿಂದೆ ಅಲ್ಲ, ಎದುರಿಗೇ ಹಾಗೆ ಕರೆಯುತ್ತಾರೆ, ಅವರೂ ಓಗೊಡುತ್ತಾರೆ. ರೇಡಿಯೋ ಕಟ್ಟಡದ ನೆಲಮಾಳಿಗೆಯಲ್ಲಿ ಹಳೆಯ ಟೇಪಿನ ಸುರುಳಿಗಳ ಕೋಣೆ ಅವರ ಉಸ್ತುವಾರಿಯಲ್ಲಿದೆ. ಓದು ಮುಗಿದ ಕೂಡಲೇ ಬ್ಲೇಡು ಹಿಡಿದು ಟೇಪು ಕತ್ತರಿಸಿ ಅಂಟಿಸುವ ಕೆಲಸಕ್ಕೆ ಸೇರಿದವರು, ಈಗ ಅದೇ ಕೋಣೆಯಲ್ಲಿ ಕೂತು ಸುರುಳಿಯೊಳಗಿನ ಮಾತನ್ನು ಕಂಪ್ಯೂಟರಿಗೆ ಇಳಿಸುತ್ತಾರೆ. ಮದುವೆಯಾಗಲಿಲ್ಲ. ಯಾಕೆಂದು ಕೇಳುವ ನೆಂಟರಿಗೆ, "ಗಂಡು ಮಾತಾಡಿದ್ದನ್ನ ಪೂರ್ತಿ ಕೇಳಿಸ್ಕೊಂಡೆ. ಎಡಿಟ್ ಮಾಡಿದ್ರೆ ಏನೂ ಉಳೀತಿರ್ಲಿಲ್ಲ" ಎನ್ನುತ್ತಾರೆ.

ನಮ್ಮ ಮನೆಯ ಮಹಡಿ ಕೋಣೆ ಅವರದು. ಫ್ರಿಜ್ಜಿನ ಸದ್ದು ಕೇಳಿಯೇ "ಇನ್ನೊಂದು ತಿಂಗಳು ಬಂದ್ರೆ ಹೆಚ್ಚು" ಎಂದು ಹೇಳುವ ಕಿವಿ. ನನ್ನ ಮಗಳು ಹುಟ್ಟಿದಾಗ ಎಲ್ಲರೂ ಮೂಗು ಯಾರದು ಕಣ್ಣು ಯಾರದು ಎಂದು ನೋಡುತ್ತಿದ್ದರೆ ಇವರೊಬ್ಬರು ಕಣ್ಣು ಮುಚ್ಚಿ ಅದರ ಅಳು ಕೇಳುತ್ತಾ ನಿಂತಿದ್ದರು. ಈಗ ಅವಳಿಗೆ ಎರಡು ವರ್ಷ. ಮುಟ್ಟಿದ್ದನ್ನೆಲ್ಲ ತಿರುಗಿಸಿ, ನೆಕ್ಕಿ, ಪರೀಕ್ಷೆ ಮಾಡುವುದರಿಂದ ಅತ್ತಿಗೆ ಅವಳಿಗೆ ಇನ್ಸ್‌ಪೆಕ್ಟರು ಎಂದು ಪದವಿ ಕೊಟ್ಟಿದ್ದಾರೆ.

ನಾನು ಔಷಧಿ ಅಂಗಡಿಯಲ್ಲಿ ಅರ್ಧ ದಿನ ಕೆಲಸ ಮಾಡುತ್ತೇನೆ. ಮಗಳನ್ನು ಬಿಡುವ ಶಿಶುವಿಹಾರ ರೇಡಿಯೋ ಕಟ್ಟಡದ ಎದುರಿಗೇ ಇದೆ. ಮಧ್ಯಾಹ್ನ ಅವಳನ್ನು ಎತ್ತಿಕೊಂಡು ನೆಲಮಾಳಿಗೆಗೆ ಇಳಿದು ಕೂತರೆ, ಸಂಜೆ ಮೂವರೂ ಒಂದೇ ಬಸ್ಸಿನಲ್ಲಿ ಮನೆಗೆ ಹೋಗಬಹುದು. ಹಾಗಾಗಿಯೇ ಇದೆಲ್ಲ ನನ್ನ ಕಣ್ಣೆದುರು ನಡೆಯಿತು.

ಮೊದಲ ದಿನ ಹೋದಾಗ ಕೋಣೆಯ ಮೂಲೆಯಲ್ಲಿ ಹಣ್ಣು ಒಣಗಿಸುವ ವಿದ್ಯುತ್ ಪೆಟ್ಟಿಗೆಯೊಂದು ಗುಂಯ್‌ಗುಡುತ್ತಿತ್ತು.

"ಏನ್ ಬೇಯ್ತಿದೆ ಅತ್ತಿಗೆ?"

"ಕಮ್ಮಾರ. ಕೆಳಗಿನ ತಟ್ಟೇಲಿ ದೋಣಿ ನಡೆಸೋರು ಇಬ್ಬರಿದ್ದಾರೆ."

ಆಮೇಲೆ ತಿಳಿಯಿತು. ಹಳೆಯ ಟೇಪುಗಳಲ್ಲಿ ಕೆಲವದರ ಅಂಟು ವರ್ಷ ಕಳೆದಂತೆ ಒಸರುತ್ತದೆಯಂತೆ. ಹಾಗೇ ಹಾಕಿದರೆ ಯಂತ್ರಕ್ಕೆ ಮೆತ್ತಿಕೊಂಡು ಕಿರುಚುತ್ತದೆ. ಹದವಾದ ಬಿಸಿಯಲ್ಲಿ ಒಣಗಿಸಿದರೆ ಕೆಲವು ವಾರ ಮಾತ್ರ ಸರಿಯಾಗಿ ಓಡುತ್ತದೆ, ಮತ್ತೆ ಅಂಟು. ಓಡಿದಾಗಲೂ ಮೈಮೇಲಿನ ಕಂದು ಪುಡಿ ಉದುರುತ್ತದೆ. ಅಂದರೆ ಒಂದು ಸುರುಳಿಗೆ ಒಂದೇ ಒಳ್ಳೆಯ ಓಟ. ಎರಡನೆಯ ಸಲ ಹಾಕಿದರೆ ಮಾತು ಕಂಬಳಿ ಹೊದ್ದುಕೊಂಡಂತೆ ಕೇಳುತ್ತದೆ.

ಆ ಸುರುಳಿಗಳಲ್ಲಿ ಇದ್ದದ್ದು ದೊಡ್ಡವರ ಭಾಷಣಗಳಲ್ಲ. ಹಿಂದೆ ವಾರಕ್ಕೊಮ್ಮೆ ಬರುತ್ತಿದ್ದ ಕಾರ್ಯಕ್ರಮವೊಂದರಲ್ಲಿ ಊರಿನ ಕಸುಬುದಾರರು ತಮ್ಮ ಕೆಲಸದ ಬಗ್ಗೆ ಮಾತಾಡುತ್ತಿದ್ದರು. ಕಮ್ಮಾರ, ಸೂಲಗಿತ್ತಿ, ಬಾವಿ ತೋಡುವವರು, ಕತ್ತಿ ಸಾಣೆ ಹಿಡಿಯುವ ಹೆಂಗಸು. ಬೇರೆ ಪ್ರತಿ ಎಲ್ಲೂ ಇಲ್ಲ.

ಒಂದು ಗಂಟೆಯ ಮಾತು ಇಳಿಸಲು ಒಂದು ಗಂಟೆಯೇ ಬೇಕು, ಬೇಗ ಓಡಿಸುವಂತಿಲ್ಲ. ಅದಕ್ಕೆ ಸಾಲಾಗಿ ನಾಲ್ಕು ಟೇಪ್ ಯಂತ್ರ. ಪ್ರತಿ ಯಂತ್ರದ ಮಾತನ್ನು ಬರೆದುಕೊಳ್ಳಲು ಕಂಪ್ಯೂಟರಿನಲ್ಲಿ ಒಂದೊಂದು ರೆಕಾರ್ಡರ್ ಪ್ರೋಗ್ರಾಮು ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ಅದನ್ನೆಲ್ಲ ಶುರು ಮಾಡುವ, ನಿಲ್ಲಿಸುವ ಆಜ್ಞೆಗಳ ಪಟ್ಟಿಯನ್ನು, ಅಂದರೆ ಸ್ಕ್ರಿಪ್ಟನ್ನು, ಹಿಂದೆ ಇಲ್ಲಿದ್ದು ಈಗ ಬೇರೆ ಕಡೆ ಹೋಗಿರುವ ಇಂಜಿನಿಯರೊಬ್ಬರು ಬರೆದುಕೊಟ್ಟಿದ್ದರು. ಹಿನ್ನೆಲೆ ಎಂದರೇನೆಂದು ಅತ್ತಿಗೆಯನ್ನು ಕೇಳಿದೆ.

"ಕೆಲಸ ಹೇಳಿ, ಮುಗಿಯೋವರೆಗೂ ಬಾಗಿಲಲ್ಲೇ ನಿಂತಿರೋದು ಒಂದು ಥರ. ನೀನು ಮಾಡ್ತಿರು, ನಾನು ಬೇರೆ ನೋಡ್ತೀನಿ ಅಂತ ಹೊರಟುಬಿಡೋದು ಇನ್ನೊಂದು ಥರ. ಆಜ್ಞೆ ಸಾಲಿನ ಕೊನೆಗೆ ಇಂಗ್ಲಿಷಿನ ‘ಆ್ಯಂಡ್’ ಗುರುತು ಹಾಕಿದ್ರೆ ಎರಡನೇ ಥರ."

"ಹೊರಟುಹೋದ್ಮೇಲೆ ಅದು ಮಾಡ್ತಿದೆಯೋ ನಿದ್ದೆ ಹೊಡೀತಿದೆಯೋ, ಹೇಗೆ ಗೊತ್ತಾಗುತ್ತೆ?"

"ಅದಕ್ಕೇ ನಂಬರು. ಓಡೋ ಪ್ರತಿ ಪ್ರೋಗ್ರಾಮಿಗೂ ಕಂಪ್ಯೂಟರು ಒಂದು ನಂಬರು ಕೊಡುತ್ತೆ. ನಂಬರು ನಮ್ಮ ಹತ್ರ ಇದ್ರೆ ಅದರ ಜುಟ್ಟು ನಮ್ಮ ಕೈಲಿ. ಈಗಷ್ಟೇ ಶುರುವಾಗಿದ್ದರ ನಂಬರು ಬೇಕಾದ್ರೆ ಡಾಲರ್ ಗುರುತು, ಪಕ್ಕದಲ್ಲಿ ಆಶ್ಚರ್ಯಸೂಚಕ."

"ಆಶ್ಚರ್ಯ ಯಾಕೆ?"

"ಕೇಳಿದ ತಕ್ಷಣ ಉತ್ತರ ಸಿಕ್ಕಿದ್ರೆ ಆಶ್ಚರ್ಯ ಆಗಲ್ವೇನೇ? ನಿನ್ನ ಗಂಡನ್ನ ಕೇಳಿ ನೋಡು."

ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಆಮೇಲೊಂದು ದಿನ ದೋಣಿಯವರೊಬ್ಬರ ಮಾತು ಅರ್ಧಕ್ಕೆ ನಿಂತಿತು. ಟೇಪ್ ಯಂತ್ರ ಕೊನೆಯವರೆಗೂ ತಿರುಗಿದೆ, ಕಂಪ್ಯೂಟರಿನಲ್ಲಿ ಮಾತ್ರ ನದಿಯ ನಡುವೆಯೇ ಮೌನ. ರೆಕಾರ್ಡರು ಯಾವಾಗ ಸತ್ತಿತೋ ಯಾರಿಗೂ ಗೊತ್ತಿಲ್ಲ. ಅಷ್ಟು ಹೊತ್ತು ಸುರುಳಿ ಸುಮ್ಮನೆ ಪುಡಿ ಉದುರಿಸುತ್ತಾ ಓಡಿತ್ತು. ಮತ್ತೆ ಹಾಕಿದರು. ಕಂಬಳಿ.

ಮುಂದಿನ ವಾರ ಕಮ್ಮಾರರದು ಹಾಗೇ ಆಯಿತು. ನಡುವೆ ಎಷ್ಟೋ ಸುರುಳಿಗಳು ಸರಿಯಾಗಿಯೇ ಇಳಿದಿದ್ದವು. ದಿನವೂ ಕೆಟ್ಟರೆ ಹಿಡಿಯಬಹುದು, ಆಗೊಮ್ಮೆ ಈಗೊಮ್ಮೆ ಕೆಡುವುದನ್ನು ಹಿಡಿಯುವುದು ಹೇಗೆ?

ಕಟ್ಟಡದ ಡೈರೆಕ್ಟರು ಕೆಳಗಿಳಿದು ಬಂದರು. ಮೆತ್ತಗೆ ಮಾತಾಡುವ ಮನುಷ್ಯ. ಅಂದೂ ಮೆತ್ತಗೇ ಹೇಳಿದರು.

"ಟೇಪಮ್ಮ, ಮೇಲಿನವರು ಕೇಳ್ತಿದ್ದಾರೆ. ಹೊರಗಿನ ಕಂಪನಿಗೆ ಕೊಟ್ಬಿಡಿ ಅಂತಾರೆ."

"ಅವರು ಇದನ್ನೆಲ್ಲ ಇಳಿಸ್ತಾರಾ ಸರ್?"

"ಮುಖ್ಯವಾದ್ದನ್ನ ಇಳಿಸ್ತಾರೆ. ಉಳಿದಿದ್ದು ವಿಲೇವಾರಿ."

"ಕತ್ತಿ ಸಾಣೆಯವಳು ಯಾವುದರಲ್ಲಿ ಬರ್ತಾಳೆ, ಮುಖ್ಯದಲ್ಲೋ ವಿಲೇವಾರೀಲೋ?"

ಅವರು ಮೆಟ್ಟಿಲ ಕಡೆ ತಿರುಗಿದರು. "ಇನ್ನೊಂದು ಸುರುಳಿ ಹೀಗಾದ್ರೆ ನಾನು ತಡೆಯೋಕಾಗಲ್ಲ. ಕಾರಣ ಹುಡುಕಿ" ಎಂದು ಹೊರಟರು.

ಅತ್ತಿಗೆ ಅವತ್ತು ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿ ಕೂತರು. ಇನ್ಸ್‌ಪೆಕ್ಟರು ಅವರ ಕನ್ನಡಕ ಕಿತ್ತುಕೊಂಡು ನೆಕ್ಕಿದರೂ ವಾಪಸ್ ಕೇಳಲಿಲ್ಲ. ಇಳಿಯುವಾಗ, "ಹುಡುಕ್ತೀನಿ. ಅದೇನು ಗಾಳೀಲಿ ಬಂದು ಹೋಗುತ್ತಾ?" ಎಂದರು.

ಮೊದಲು ಟೇಪ್ ಯಂತ್ರಗಳ ಮೇಲೆ ಅನುಮಾನ. ಬೆಲ್ಟು ಬದಲಿಸಿದರು. ಆಮೇಲೆ ತಂತಿಗಳ ಮೇಲೆ. ಆಮೇಲೆ ಫ್ಯೂಸ್ ಮಾಮನ ಮೇಲೆ. ಫ್ಯೂಸ್ ಮಾಮ ಕಟ್ಟಡದ ಕಾವಲುಗಾರರು. ಹಿಂದೊಮ್ಮೆ ಈ ಕಟ್ಟಡದಲ್ಲಿ ತಂತಿ ಸುಟ್ಟು ಬೆಂಕಿ ಬಿದ್ದಿತ್ತು. ಅಂದಿನಿಂದ ಸಂಜೆ ಎಲ್ಲರೂ ಹೊರಟ ಮೇಲೆ ಪ್ರತಿ ಮಹಡಿಯ ಮೇನ್ ಸ್ವಿಚ್ಚನ್ನು ಕೆಳಗಿಳಿಸದೆ ಅವರು ಊಟ ಮಾಡುವುದಿಲ್ಲ.

"ಮಾಮ, ಮಧ್ಯಾಹ್ನ ನಮ್ಮ ಸ್ವಿಚ್ಚಿಗೆ ಕೈ ಹಾಕಿದ್ರಾ?"

"ಮಧ್ಯಾಹ್ನ ಯಾಕ್ ಹಾಕ್ಲಿ? ಸಂಜೆ ಹಾಕ್ತೀನಿ. ದಿನಾ ಹಾಕ್ತೀನಿ. ನಿಮ್ಮ ಕಂಪ್ಯೂಟರು ಉರ್ಕೊಂಡೇ ಇರುತ್ತೆ, ಅದನ್ನೂ ನಾನೇ ಮಲಗಿಸಬೇಕು. ಉಪಕಾರ ಮಾಡೋನ ಮೇಲೇ ಗೂಬೆ ಕೂರಿಸ್ತೀರಲ್ಲ, ಟೇಪಮ್ಮ."

ಅದು ನಿಜವೇ. ದಿನದ ಕೊನೆಯ ಸುರುಳಿಗಳು ಮುಗಿದ ಮೇಲೆ ರೆಕಾರ್ಡರುಗಳನ್ನು ಒಂದೊಂದಾಗಿ ನಿಲ್ಲಿಸುವ ಗೊಡವೆಗೆ ಆ ಕೋಣೆಯಲ್ಲಿ ಯಾರೂ ಹೋಗುತ್ತಿರಲಿಲ್ಲ. ಮಾತೆಲ್ಲ ಅಷ್ಟರಲ್ಲಿ ಬರೆದಾಗಿರುತ್ತಿತ್ತು. ಉಳಿದದ್ದನ್ನು ಮಾಮನ ಸ್ವಿಚ್ಚು ನೋಡಿಕೊಳ್ಳುತ್ತಿತ್ತು. ಬೇರೆ ಯಾವ ಕಚೇರಿಯಲ್ಲೂ ಕಂಪ್ಯೂಟರನ್ನು ಹೀಗೆ ಮಲಗಿಸುವುದಿಲ್ಲವೇನೋ, ಇಲ್ಲಿ ಅದೇ ವಾಡಿಕೆ.

ಅತ್ತಿಗೆ ಬೇರೆ ದಾರಿ ಹಿಡಿದರು. ಟೇಪು ಅಂಟಿಸುವ ಬಿಳಿ ಪಟ್ಟಿ ಅವರ ಕಿಸೆಯಲ್ಲಿ ಸದಾ ಇರುತ್ತದೆ. ಬೆಳಿಗ್ಗೆ ರೆಕಾರ್ಡರು ಶುರುವಾದ ಕೂಡಲೇ ಅದರ ನಂಬರನ್ನು ಒಂದು ತುಂಡಿನ ಮೇಲೆ ಬರೆದು ಆಯಾ ಟೇಪ್ ಯಂತ್ರದ ಹಣೆಗೆ ಹಚ್ಚುವುದು, ಮರುದಿನದ್ದನ್ನು ಅದರ ಕೆಳಗೆ. ಒಳ್ಳೆಯ ಸುರುಳಿ ಹಾಕುವುದನ್ನು ನಿಲ್ಲಿಸಿ, ಏನೂ ಮುದ್ರಿಸದೆ ಇಟ್ಟಿದ್ದ ಖಾಲಿ ಟೇಪುಗಳನ್ನು ಓಡಿಸುತ್ತಾ ಕೂತರು. ಹೊತ್ತು ಹೊತ್ತಿಗೆ ಹೋಗಿ, ಕಂಪ್ಯೂಟರಿನಲ್ಲಿ ಓಡುತ್ತಿರುವವರ ಪಟ್ಟಿಯಲ್ಲಿ ನಾಲ್ಕೂ ನಂಬರು ಇದೆಯೇ ಎಂದು ನೋಡುವುದು.

"ಅತ್ತಿಗೆ, ಒಣಗಿಸಿದ ಸುರುಳಿಗಳು ಮತ್ತೆ ಅಂಟಾಗಲ್ವಾ? ಹೀಗೆ ಕಾಯ್ತಾ ಕೂತ್ರೆ?"

"ಆಗುತ್ತೆ. ಅದಕ್ಕೇ ಬೇಗ ಸಾಯಲಿ ಅಂತ ಕಾಯ್ತಿದೀನಿ."

ಅದು ಸತ್ತ ದಿನ ನಾನು ಮೆಟ್ಟಿಲು ಇಳಿಯುವಷ್ಟರಲ್ಲಿ ಅತ್ತಿಗೆ ಒಂದನೇ ಯಂತ್ರದ ಮುಂದೆ ನೆಲದ ಮೇಲೆ ಕೂತಿದ್ದರು. ಒಂದನೇ ಮತ್ತು ನಾಲ್ಕನೇ ಯಂತ್ರದ ಪಟ್ಟಿಗಳನ್ನು ಕಿತ್ತು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

"ಬಾ ಇಲ್ಲಿ. ನಾಲ್ಕನೇದರ ಮೇಲಿದ್ದ ನಿನ್ನೆಯ ನಂಬರು ಓದು."

ಓದಿದೆ.

"ಒಂದನೇದರ ಇವತ್ತಿನ ನಂಬರು?"

ಅದೇ ನಂಬರು. ಅವರು ತಪ್ಪಾಗಿ ಅಂಟಿಸಿದ್ದಾರೆ ಎಂದುಕೊಂಡೆ.

"ತಪ್ಪಲ್ಲ. ನಾಲ್ಕನೇದನ್ನ ಶುರು ಮಾಡಿದೆ ನೋಡು, ಆ ಕ್ಷಣ ಒಂದನೇದು ಸತ್ತೋಯ್ತು. ಯಾರು ಕೊಂದ್ರು ಗೊತ್ತಾ? ನಾವೇ."

ಅವರು ಬಿಡಿಸಿ ಹೇಳಿದರು. ಸ್ಕ್ರಿಪ್ಟು ರೆಕಾರ್ಡರನ್ನು ಶುರು ಮಾಡಿ ಅದರ ನಂಬರನ್ನು ಒಂದು ಫೈಲಿನಲ್ಲಿ ಬರೆದಿಡುತ್ತದೆ. ಸರಿಯಾಗಿ ನಿಲ್ಲಿಸಿದರೆ ಆ ಫೈಲನ್ನು ಅಳಿಸಿಯೂ ಹೋಗುತ್ತದೆ. ನಾವು ನಿಲ್ಲಿಸುವುದೇ ಇಲ್ಲ, ಮಾಮ ಸ್ವಿಚ್ಚು ಇಳಿಸುತ್ತಾರೆ. ರೆಕಾರ್ಡರು ಸಾಯುತ್ತದೆ, ಫೈಲು ಡಿಸ್ಕಿನಲ್ಲಿ ಹಾಗೇ ಉಳಿಯುತ್ತದೆ. ಮರುದಿನ ನಾಲ್ಕನೇ ಯಂತ್ರವನ್ನು ಶುರು ಮಾಡುವಾಗ ಸ್ಕ್ರಿಪ್ಟು ಆ ಫೈಲು ನೋಡಿ, ಹಳೆಯ ರೆಕಾರ್ಡರು ಇನ್ನೂ ಓಡುತ್ತಿದೆ ಎಂದು ತಿಳಿದು, ಆ ನಂಬರಿನವನನ್ನು ಮೊದಲು ಮುಗಿಸುತ್ತದೆ. ಆದರೆ ಕಂಪ್ಯೂಟರು ದಿನಾ ಬೆಳಿಗ್ಗೆ ಹೊಸದಾಗಿ ಎದ್ದು ನಂಬರುಗಳನ್ನು ಮೊದಲಿನಿಂದ ಹಂಚುತ್ತದೆ. ನಿನ್ನೆ ನಾಲ್ಕನೇದಕ್ಕೆ ಸಿಕ್ಕಿದ್ದು ಇವತ್ತು ಒಂದನೇದಕ್ಕೆ ಸಿಕ್ಕಿರಬಹುದು.

"ಅಯ್ಯೋ ಅತ್ತಿಗೆ, ಇದು ನನಗೆ ಆಗಿದೆ" ಎಂದೆ. ಶಿಶುವಿಹಾರದಲ್ಲಿ ಬೆಳಿಗ್ಗೆ ಬಂದ ಸಾಲಿನಲ್ಲಿ ಮಕ್ಕಳಿಗೆ ಟೋಕನ್ ಕೊಡುತ್ತಾರೆ. ಹಿಂದಿನ ದಿನ ಗಡಿಬಿಡಿಯಲ್ಲಿ ವಾಪಸ್ ಕೊಡದೆ ಪರ್ಸಿನಲ್ಲೇ ಉಳಿದಿದ್ದ ಟೋಕನ್ನನ್ನು ಮಗಳನ್ನು ಕರೆದೊಯ್ಯುವಾಗ ಗೊತ್ತಿಲ್ಲದೆ ಕೊಟ್ಟಿದ್ದೆ. ಅವರು ಅದೇ ನಂಬರಿನ ಬೇರೊಂದು ಟೋಕನ್ ಮಾಡಿ ಅವತ್ತು ಬೇರೆ ಮಗುವಿಗೆ ಕೊಟ್ಟಿದ್ದರಂತೆ. ಆಯಾ ಒಳಗಿನಿಂದ ಮೂಗು ಸುರಿಸುವ ಗಂಡು ಮಗುವೊಂದನ್ನು ತಂದು ನನ್ನ ಕೈಗಿತ್ತಿದ್ದಳು. ಅದೂ ನನ್ನ ಕುತ್ತಿಗೆ ತಬ್ಬಿಕೊಂಡಿತ್ತು.

"ಆಮೇಲೆ?"

"ಆಯಾ ನನ್ನ ಮುಖ ನೋಡಿ, ಇವನ ಮುಖ ನೋಡಿ, ಒಳಗೆ ಕರ್ಕೊಂಡು ಹೋದ್ಳು."

"ಹಾಂ. ನಮ್ಮ ಸ್ಕ್ರಿಪ್ಟು ಮುಖ ನೋಡಲ್ಲ. ನಂಬರು ನೋಡಿ ಕತ್ತು ಹಿಸುಕುತ್ತೆ."

ಇಂಜಿನಿಯರಿಗೆ ಫೋನು ಮಾಡಿದರು. ಸ್ಪೀಕರಿನಲ್ಲಿ ಅವರ ದನಿ ಬಂತು.

"ದಿನಾ ಮೇನ್ ಆಫ್ ಮಾಡ್ತಾರಾ? ಕಂಪ್ಯೂಟರು ಆನಲ್ಲಿದ್ದಾಗಲೇ? ಅದನ್ನ ನಿಲ್ಲಿಸಿಬಿಡಿ ಟೇಪಮ್ಮ, ಸಮಸ್ಯೆ ಅಲ್ಲಿಗೇ ಮುಗೀತು."

"ಅದು ಈ ಕಟ್ಟಡದ ಸ್ವಭಾವ ಕಣಪ್ಪ. ಮಾಮನ್ನ ಒಪ್ಪಿಸ್ತೀನಿ ಅಂತಿಟ್ಕೋ, ಕರೆಂಟ್ ಹೋಗಲ್ವಾ? ಕರೆಂಟನ್ನ ಯಾರು ಒಪ್ಪಿಸ್ತಾರೆ?"

ಆ ಕಡೆ ನಗು. "ಸರಿ, ಹಾಗಾದ್ರೆ ಬರ್ಕೊಳ್ಳಿ" ಎಂದು ಶುರು ಮಾಡಿದರು.

ಮಾಮನಿಗೆ ಅತ್ತಿಗೆ ಚಹಾ ತಂದುಕೊಟ್ಟು, "ತಪ್ಪು ನನ್ನದು, ನಿಮ್ಮದಲ್ಲ. ನಿಲ್ಲಿಸದೆ ಹೋಗ್ತಿದ್ದೆ" ಎಂದು ಒಪ್ಪಿಕೊಂಡರು. ಅವರು ಚಹಾ ಕುಡಿದು, "ಸಕ್ಕರೆ ಕಮ್ಮಿ" ಎಂದರು.

ಸ್ಕ್ರಿಪ್ಟನ್ನು ಅತ್ತಿಗೆ ಹೊಸದಾಗಿ ಬರೆದರು. ಮೊದಲ ಸಲ ಎಡವಟ್ಟಾಯಿತು. ನಾಲ್ಕನ್ನೂ ಶುರು ಮಾಡಿ ಆಮೇಲೆ ನಿಧಾನವಾಗಿ ನಂಬರು ಕೇಳಿದ್ದರು. ಡಾಲರು ಆಶ್ಚರ್ಯಸೂಚಕ ಕೊನೆಗೆ ಶುರುವಾದವನ ನಂಬರನ್ನಷ್ಟೇ ಹೇಳುತ್ತದೆ, ಹಿಂದಿನವರನ್ನು ಮರೆತುಬಿಡುತ್ತದೆ. ನಾಲ್ಕೂ ಯಂತ್ರಕ್ಕೆ ನಾಲ್ಕನೆಯವನ ನಂಬರೇ ಬಂತು. ಒಂದನೇದನ್ನು ನಿಲ್ಲಿಸು ಎಂದರೆ ನಾಲ್ಕನೇದು ನಿಂತಿತು. ಖಾಲಿ ಟೇಪಾಗಿದ್ದಕ್ಕೆ ಬಚಾವು.

"ಹೆತ್ತ ಕೂಡಲೇ ಕೈಗೆ ಪಟ್ಟಿ ಕಟ್ಟಬೇಕು. ನಾಲ್ಕು ಮಕ್ಕಳನ್ನ ಒಟ್ಟಿಗೆ ಮಲಗಿಸಿ ಆಮೇಲೆ ಇದ್ಯಾರದು ಅಂತ ಕೇಳಿದ್ರೆ ನರ್ಸಮ್ಮ ಏನು ಮಾಡ್ತಾಳೆ" ಎಂದು ತಮ್ಮನ್ನೇ ಬೈದುಕೊಂಡು ಮತ್ತೆ ಬರೆದರು.

ಈ ಸಲ ಒಂದೊಂದು ರೆಕಾರ್ಡರು ಹೊರಟ ಬೆನ್ನಿಗೇ ನಂಬರು ಹಿಡಿದಿಟ್ಟುಕೊಂಡರು. ಜೊತೆಗೆ ಅದು ಶುರುವಾದ ಹೊತ್ತನ್ನೂ ಬರೆದಿಟ್ಟರು, ನಂಬರು ಒಂದೇ ಇದ್ದರೂ ಹೊತ್ತು ಬೇರೆಯಾದರೆ ಆಳು ಬೇರೆ. ಎರಡೂ ಹೊಂದದೆ ಯಾರ ಮೇಲೂ ಕೈ ಮಾಡಬಾರದು. ಫೈಲುಗಳನ್ನು ಕಂಪ್ಯೂಟರು ಏಳುವಾಗಲೆಲ್ಲ ತಾನಾಗಿಯೇ ಖಾಲಿಯಾಗುವ ಜಾಗಕ್ಕೆ ಸಾಗಿಸಿದರು. ಕೊನೆಯ ಬದಲಾವಣೆಯನ್ನು ಅವರು ಯಾರನ್ನೂ ಕೇಳದೆ ತಾವೇ ಸೇರಿಸಿದರು. ಸ್ಕ್ರಿಪ್ಟು ಈಗ ಕೆಲಸ ಹೇಳಿ ಮನೆಗೆ ಹೋಗುವುದಿಲ್ಲ. ಅಲ್ಲೇ ಕೂತು ಕೆಲವು ಸೆಕೆಂಡಿಗೊಮ್ಮೆ ನಾಲ್ವರನ್ನೂ ಇದ್ದೀಯಾ ಎಂದು ಕೇಳುತ್ತದೆ. ಹಾಗೆ ಕೇಳುವುದೂ ಕೊಲ್ಲುವ ಆಜ್ಞೆಯಿಂದಲೇ, ಅದರ ಹೆಸರು ಕಿಲ್. ಅದಕ್ಕೆ ಸೊನ್ನೆ ಕೊಟ್ಟರೆ ಕೊಲ್ಲುವುದಿಲ್ಲವಂತೆ, ಜೀವ ಇದೆಯೇ ಎಂದಷ್ಟೇ ಮುಟ್ಟಿ ನೋಡುತ್ತದಂತೆ. ಮಗಳು ಹಸುಗೂಸಾಗಿದ್ದಾಗ ನಾನು ಅವಳ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆನಲ್ಲ, ಅದೇ. ಯಾರಾದರೂ ಓಗೊಡದಿದ್ದರೆ ಯಾವ ಯಂತ್ರದವನು, ಕೆಲಸ ಮುಗಿಸಿ ಹೋದನೋ ನಡುವೆ ಬಿದ್ದನೋ ಎಂದು ಪರದೆಯ ಮೇಲೆ ಬರೆದು ಗಂಟೆ ಬಾರಿಸುತ್ತದೆ.

ಡೈರೆಕ್ಟರು ಒಪ್ಪುವ ಮೊದಲು ಪರೀಕ್ಷೆ ಕೇಳಿದರು. ಖಾಲಿ ಟೇಪುಗಳು ಓಡುತ್ತಿರುವಾಗ ಅತ್ತಿಗೆ ಮಾಮನನ್ನೇ ಕರೆದು ಸ್ವಿಚ್ಚು ಇಳಿಸಲು ಹೇಳಿದರು.

"ಈಗ್ಲಾ? ಹಗಲಲ್ಲಾ?" ಎಂದ ಮಾಮನ ಮುಖದಲ್ಲಿ ಅಪನಂಬಿಕೆ.

ಇಳಿಸಿ, ಏರಿಸಿ, ಮತ್ತೆ ನಾಲ್ಕನ್ನೂ ಶುರು ಮಾಡಿದರು. ಅಷ್ಟಕ್ಕೇ ಬಿಡದೆ ಅತ್ತಿಗೆ, ಒಂದನೆಯವನ ನಂಬರನ್ನೇ ಹಳೆಯ ಹೊತ್ತಿನ ಜೊತೆ ನಾಲ್ಕನೆಯವನ ಫೈಲಿನಲ್ಲಿ ಬೇಕೆಂದೇ ಬರೆದು, ನಾಲ್ಕನೇದನ್ನು ಮತ್ತೆ ಶುರು ಮಾಡಿಸಿದರು. ಒಂದನೇದು ಸಾಯಲಿಲ್ಲ. ಇವನು ಅವನಲ್ಲ ಎಂದು ಸ್ಕ್ರಿಪ್ಟು ಬರೆಯಿತು.

"ಸರಿ. ಒಣಗಿಸಿರೋದನ್ನ ನಾಳೆ ಹಾಕಿ, ನಾನೂ ಇರ್ತೀನಿ" ಎಂದರು ಡೈರೆಕ್ಟರು. "ಆದ್ರೆ ಹೇಳಿದ್ದೀನಲ್ಲ, ಇನ್ನೊಂದು ಅರ್ಧಕ್ಕೆ ನಿಂತ್ರೆ..."

"ನಿಲ್ಲಲ್ಲ ಅಂತ ನಾನು ಹೇಳಲ್ಲ ಸರ್. ನಿಂತ್ರೆ ಆಗಲೇ ಗೊತ್ತಾಗುತ್ತೆ ಅಂತ ಹೇಳ್ತೀನಿ."

ಮರುದಿನ ನಾನು ಅಂಗಡಿಗೆ ರಜೆ ಹಾಕಿದೆ. ಓಡುವ ಟೇಪುಗಳನ್ನು ಕೇಳುತ್ತಾ ಕೂರಲು ಕಿವಿಗಳು ಕಡಿಮೆ ಬಿದ್ದಿದ್ದವು, ಎರಡನೇ ಯಂತ್ರದ ಹೆಡ್‌ಫೋನು ನನ್ನ ಪಾಲಿಗೆ. ಅದರಲ್ಲಿ ಸಾಣೆ ಹಿಡಿಯುವ ಹೆಂಗಸಿನ ಸುರುಳಿ. ಡೈರೆಕ್ಟರು ಮೂರನೇದಕ್ಕೆ ಕೂತರು. ಅತ್ತಿಗೆ ನಡುವೆ ನಿಂತಿದ್ದರು, ಒಂದು ಕಣ್ಣು ಪರದೆಯ ಮೇಲೆ.

ನನ್ನ ಕಿವಿಯಲ್ಲಿ ಆ ಹೆಂಗಸು ಮಾತಾಡತೊಡಗಿದಳು. ಗಂಡ ಹೋದ ಮೇಲೆ ಸಾಣೆ ಗಾಡಿಯನ್ನು ತಾನೇ ತಳ್ಳಿದ್ದು, ಅಡುಗೆಮನೆ ಚಾಕು ನೋಡಿದರೆ ಆ ಮನೆಯವರು ಜಗಳಗಂಟರೋ ಅಲ್ಲವೋ ಗೊತ್ತಾಗುತ್ತೆ ಎಂದದ್ದು. "ಹ್ಯಾಗ್ ಗೊತ್ತಾಗುತ್ತಮ್ಮ?" ಎಂದು ಕಾರ್ಯಕ್ರಮದವರು ಕೇಳಿದರು. ಅವಳು ನಕ್ಕಳು. ಉತ್ತರ ಹೇಳಲು ಉಸಿರು ತೆಗೆದುಕೊಂಡದ್ದೂ ಕೇಳಿತು.

ಕಂಪ್ಯೂಟರು ಗಂಟೆ ಬಾರಿಸಿತು.

ನನ್ನ ಹೆಡ್‌ಫೋನಿನಲ್ಲಿ ಮಾತು ನಡೆದೇ ಇತ್ತು, ಅದು ನೇರ ಟೇಪಿನಿಂದ ಬರುವುದು. ಪರದೆಯ ಮೇಲೆ ಮಾತ್ರ ಎರಡನೇ ಯಂತ್ರ, ನಡುವೆ ಬಿದ್ದಿದೆ ಎಂದು ಬಂದಿತ್ತು. ಅತ್ತಿಗೆ ಓಡಲಿಲ್ಲ. ಎರಡು ಹೆಜ್ಜೆ ಇಟ್ಟು ಎರಡನೇ ಯಂತ್ರದ ಗುಂಡಿ ಒತ್ತಿ ಸುರುಳಿಯನ್ನು ನಿಲ್ಲಿಸಿದರು. ಉಳಿದ ಮೂರು ತಮ್ಮ ಪಾಡಿಗೆ ತಿರುಗುತ್ತಿದ್ದವು. ಡೈರೆಕ್ಟರು ಹೆಡ್‌ಫೋನು ತೆಗೆದು ಎದ್ದು ನಿಂತರು.

"ಕೂತ್ಕೊಳ್ಳಿ ಸರ್, ನಿಮ್ಮದು ಓಡ್ತಿದೆ" ಎಂದರು ಅತ್ತಿಗೆ, ತಿರುಗಿಯೂ ನೋಡದೆ.

ಈ ಸಲ ಯಾರೂ ಕೊಂದಿರಲಿಲ್ಲ. ಟೇಪ್ ಯಂತ್ರದಿಂದ ಕಂಪ್ಯೂಟರಿಗೆ ಹೋಗುವ ತಂತಿಯ ತುದಿ ಸಡಿಲವಾಗಿ ಕಳಚಿಕೊಂಡಿತ್ತು, ಯಂತ್ರವೇ ಕಾಣದಂತಾಗಿ ರೆಕಾರ್ಡರು ಬಿದ್ದುಹೋಗಿತ್ತು. ಅತ್ತಿಗೆ ಬೇರೆ ತಂತಿ ಹಾಕಿ ಎಳೆದು ನೋಡಿದರು. ಸುರುಳಿಯನ್ನು ಕೈಯಲ್ಲೇ ಹಿಂದಕ್ಕೆ ತಿರುಗಿಸಿದರು, ಗಾಯದ ಬಟ್ಟೆ ಸುತ್ತುವಷ್ಟು ಮೆಲ್ಲಗೆ.

"ಎಲ್ಲಿವರೆಗೆ ಕೇಳಿಸ್ಕೊಂಡೆ?"

"ಜಗಳಗಂಟರು ಅಂತ ಹ್ಯಾಗ್ ಗೊತ್ತಾಗುತ್ತೆ ಅಂತ ಕೇಳಿದ್ರು. ನಕ್ಕಳು."

"ನಗೂಗಿಂತ ಒಂದು ಮಾತು ಹಿಂದೆ ಹೋದ್ರೆ ಸಾಕು. ಅಷ್ಟಕ್ಕೆ ಎರಡನೇ ಓಟ ಆಗುತ್ತೆ, ತಡ್ಕೊಳುತ್ತೆ."

ಎರಡನೇ ರೆಕಾರ್ಡರನ್ನೊಂದೇ ಹೊಸದಾಗಿ ಶುರು ಮಾಡಿದರು. ಹೊಸ ನಂಬರು ಬಂತು. ಪರದೆಯಲ್ಲಿ ನಾಲ್ವರೂ ಇದ್ದೇನೆ ಎಂದರು. ಗುಂಡಿ ಒತ್ತಿದರು. ನನ್ನ ಕಿವಿಯಲ್ಲಿ ಅವಳು ಮತ್ತೆ ನಕ್ಕಳು, ನಗುವಿನ ಅಂಚು ಒಂಚೂರು ಮಾತ್ರ ಮಸುಕಾಗಿತ್ತು. ಜಗಳಗಂಟರ ಮನೆ ಚಾಕು ತುದೀಲಿ ಮುಕ್ಕಾಗಿರುತ್ತೆ, ಹೆಚ್ಚೋರ ಮನೇದು ನಡುವೆ ಸವೆದಿರುತ್ತೆ ಎಂದಳು.

ಸುರುಳಿಗಳು ಒಂದೊಂದಾಗಿ ಮುಗಿದವು, ಅತ್ತಿಗೆ ಆಯಾ ರೆಕಾರ್ಡರನ್ನು ಈ ಸಲ ಮರೆಯದೆ ನಿಲ್ಲಿಸಿದರು. ಪ್ರತಿಯೊಂದಕ್ಕೂ ಗಂಟೆ ಬಾರಿಸಿ, ಇಂಥವನು ಕೆಲಸ ಮುಗಿಸಿ ಹೋದ ಎಂದು ಪರದೆ ಹೇಳಿತು. ಅತ್ತಿಗೆ ನಾಲ್ಕನ್ನೂ ಮೊದಲು, ನಡುವೆ, ಕೊನೆಯಲ್ಲಿ ಕೇಳಿದರು. ಎರಡನೇದರ ಕಳಚಿದ ಜಾಗವನ್ನು ಎರಡೆರಡು ಸಲ ಕೇಳಿದರು. ನಾವಿಬ್ಬರೂ ಅವರ ಮುಖವನ್ನೇ ನೋಡುತ್ತಿದ್ದೆವು.

"ಇದೆ. ಪೂರ್ತಿ ಇದೆ" ಎಂದರು.

ಡೈರೆಕ್ಟರು ಹೆಡ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡರು.

"ಇವತ್ತೂ ಒಂದು ಬಿತ್ತಲ್ಲ ಟೇಪಮ್ಮ."

"ಬಿತ್ತು ಸರ್. ಮುಂದೆನೂ ಬೀಳುತ್ತೆ. ಹಳೇ ತಂತಿ, ಹಳೇ ಕಟ್ಟಡ. ಬಿದ್ದಿದ್ದು ಗೊತ್ತಾದ್ರೆ ಎತ್ತಬಹುದು. ಹೊರಗಿನವರ ಹತ್ರ ಯಾವುದೂ ಬೀಳದೇ ಇರಬಹುದು, ಆದ್ರೆ ಈ ಸಾಣೆಯವಳು ಅಲ್ಲಿಗೆ ಹೋಗೋದೇ ಇಲ್ಲ."

ಅವರು ಎದ್ದರು. ಒಣಗಿಸುವ ಪೆಟ್ಟಿಗೆಯ ಹತ್ತಿರ ಹೋಗಿ ಗಾಜಿನಿಂದ ಒಳಗೆ ಇಣುಕಿದರು.

"ಮುಂದಿನ ನಾಲ್ಕು ಯಾರು?"

"ಇಬ್ಬರು ಸೂಲಗಿತ್ತಿಯರು, ಬಾವಿ ತೋಡೋರು ಒಬ್ಬರು, ಒಬ್ಬ ಅಂಚೆಯವನು."

"ಹಾಕಿ" ಎಂದರು. "ಮೇಲಿನವರಿಗೆ ನಾನು ಹೇಳ್ಕೋತೀನಿ. ಕೋಣೆ ಇರುತ್ತೆ."

ಅವರು ಮೆಟ್ಟಿಲು ಹತ್ತಿದ ಸದ್ದು ನಿಲ್ಲುವವರೆಗೂ ಅತ್ತಿಗೆ ಅಲುಗಲಿಲ್ಲ. ಆಮೇಲೆ ಸ್ಟೂಲು ಎಳೆದುಕೊಂಡು ಕೂತು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದರು.

"ಏನ್ ನೋಡ್ತಾ ನಿಂತಿದ್ದೀಯಾ" ಎಂದರು. "ಇನ್ಸ್‌ಪೆಕ್ಟರನ್ನ ಬಿಡಿಸ್ಕೊಂಡು ಬಾ ಹೋಗು. ನಾನಷ್ಟರಲ್ಲಿ ಸೂಲಗಿತ್ತಿಯರನ್ನ ತಟ್ಟೆಯಿಂದ ಇಳಿಸ್ತೀನಿ."